ಸೊಂಟಕ್ಕೆ ಕಟ್ಟಿದ ಸ್ವೆಟರು

ನಮ್ಮ ಕಡೆಯ ಚಳಿಗೆ ಆಯುಷ್ಯ ಕಡಿಮೆ. ಬೆಳಗಿನ ಜಾವ ಹುಟ್ಟುತ್ತದೆ, ಬಿಸಿಲು ಕಾಂಪೌಂಡು ಏರುವಷ್ಟರಲ್ಲಿ ಮುಗಿದುಹೋಗುತ್ತದೆ. ಮಡಿಕೇರಿಯ ಚಳಿಯಾದರೆ ಒಂದು ಸಲ ಮೈಗೇರಿಸಿದ ಉಣ್ಣೆಗೆ ಸಂಜೆವರೆಗೂ ಮರ್ಯಾದೆ ಉಂಟು. ಕೋಲಾರ ಜಿಲ್ಲೆಯ ಚಳಿ ಅಂಥ ಭರವಸೆ ಕೊಡುವುದಿಲ್ಲ. ಡಿಸೆಂಬರಿನ ಮೊದಲ ವಾರ ಬಂಗಾರಪೇಟೆಯ ಮನೆಯಿಂದ ಹೊರಡುವಾಗ ಹಲ್ಲು ಕಟಕಟ ಅನ್ನುತ್ತಿರುತ್ತವೆ. ಅಂತರಗಂಗೆ ಬೆಟ್ಟದ ಮೆಟ್ಟಿಲು ಅರ್ಧ ಹತ್ತುವಷ್ಟರಲ್ಲಿ ಬೆನ್ನಹುರಿಯ ಗುಂಟ ಬೆವರಿನ ಹನಿಯೊಂದು ನಿಧಾನವಾಗಿ ಇಳಿಯತೊಡಗುತ್ತದೆ. ಆಗ ಈ ಸ್ವೆಟರನ್ನು ಏನು ಮಾಡಬೇಕು ಅನ್ನುವುದು ನನ್ನ ಬಹುಕಾಲದ ತಕರಾರು. ಕೈಯಲ್ಲಿ ಹಿಡಿದರೆ ಒಂದು ಕೈ ಹೋಯಿತು. ಹೆಗಲ ಮೇಲೆ ಹಾಕಿಕೊಂಡರೆ ಬಗ್ಗಿದಾಗೆಲ್ಲ ಮುಂದಕ್ಕೆ ಜಾರುತ್ತದೆ. ತೋಳುಗಳನ್ನು ಸೊಂಟಕ್ಕೆ ಸುತ್ತಿ ಗಂಟು ಹಾಕಿದರೆ ಹಟ ಹಿಡಿದ ಮಗುವೊಂದು ಹಿಂದಿನಿಂದ ತಬ್ಬಿ ನೇತಾಡಿದ ಹಾಗೆ. ಆದರೂ ಕೊನೆಗೆ ಎಲ್ಲರೂ ಸೊಂಟಕ್ಕೇ ಕಟ್ಟುತ್ತಾರೆ. ನಮ್ಮ ಜಿಲ್ಲೆಯ ಯಾವ ಬೆಟ್ಟದ ಮೇಲೆ ಬೇಕಾದರೂ ಒಂಬತ್ತು ಗಂಟೆಗೆ ನಿಂತು ನೋಡಿ, ಸ್ವೆಟರು ತೊಟ್ಟವರಿಗಿಂತ ಉಟ್ಟವರೇ ಹೆಚ್ಚು.

ಹಾಗಾದರೆ ಹಾಕಿಕೊಳ್ಳದೆಯೇ ಹೋಗಬಹುದಲ್ಲ ಎಂದು ನೀವು ಕೇಳಬಹುದು. ನಮ್ಮ ಮನೆಯಲ್ಲಿ ಅದು ಸಾಧ್ಯವಿಲ್ಲ. ಬೆಟ್ಟಕ್ಕೆ ಹೋಗುವವನು ಏನು ತೊಡಬೇಕು ಅನ್ನುವುದನ್ನು ಹೋಗದೆ ಮನೆಯಲ್ಲಿ ಉಳಿಯುವವರು ತೀರ್ಮಾನಿಸುತ್ತಾರೆ. ಮೊದಲು ಅಮ್ಮ ತೀರ್ಮಾನಿಸುತ್ತಿದ್ದಳು, ಅಧಿಕಾರ ಈಗ ಹೆಂಡತಿಗೆ ಹಸ್ತಾಂತರವಾಗಿದೆ. "ರೀ, ಕಿವಿ ಮುಚ್ಕೊಳ್ರೀ" ಎಂಬ ಆಜ್ಞೆ ಮಾತ್ರ ಎರಡೂ ಕಾಲದಲ್ಲಿ ಒಂದೇ, "ರೀ" ಒಂದು ಹೆಚ್ಚು.

ಕಿವಿಯ ವಿಷಯ ಸ್ವಲ್ಪ ಹೇಳಲೇಬೇಕು. ಚಳಿ ಒಳಗೆ ಬರುವುದು ಕಿವಿಯಿಂದ ಅನ್ನುವುದು ನಮ್ಮ ಸೀಮೆಯಲ್ಲಿ ಯಾರೂ ಚರ್ಚೆಗೆ ಎತ್ತಿಕೊಳ್ಳದ ಸಿದ್ಧಾಂತ. ಹಾಲು ಹಾಕುವವನು ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿಕೊಂಡೇ ಬರುತ್ತಾನೆ, ಕಿವಿಗೆ ಮಾತ್ರ ಟವಲು ಬಿಗಿದಿರುತ್ತಾನೆ. ಎಟಿಎಂ ಕಾಯುವವರು, ಹೂವಿನ ಅಂಗಡಿಯವರು, ಟೊಮೆಟೊ ಲಾರಿಯ ಕ್ಲೀನರು ಎಲ್ಲರದೂ ಇದೇ ಪದ್ಧತಿ. ಪಾದದಲ್ಲಿ ಹವಾಯಿ ಚಪ್ಪಲಿ, ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿದ ಲುಂಗಿ, ಕಿವಿ ಮಾತ್ರ ಭದ್ರ. ತಲೆ ಅನ್ನುವುದು ಮೈಯ ಮೇಲ್ಮೈಯಲ್ಲಿ ಹತ್ತನೆಯ ಒಂದು ಭಾಗದಷ್ಟೂ ಇಲ್ಲ, ಶಾಖವೆಲ್ಲ ಅಲ್ಲಿಂದಲೇ ಹೋಗುತ್ತದೆ ಅನ್ನುವುದು ಅತಿಶಯೋಕ್ತಿ ಎಂದು ವೈದ್ಯರು ಬರೆದದ್ದನ್ನು ನಾನು ಓದಿದ್ದೇನೆ. ಅದನ್ನು ಒಮ್ಮೆ ಅವ್ವನ ಮುಂದೆ ಹೇಳಿದ್ದೂ ಉಂಟು. ಅವ್ವ ಅಂದರೆ ನಮ್ಮಲ್ಲಿ ಅಪ್ಪನ ತಾಯಿ. ಆಕೆ ನನ್ನ ಮಾತು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಕಿವಿಯಲ್ಲಿ ಹತ್ತಿ ಉಂಡೆ ಇತ್ತು.

ಅವ್ವನ ಜೊತೆ ಬೆಟ್ಟ ಹತ್ತಿದ್ದೇ ನನ್ನ ಮೊದಲ ಬೆಟ್ಟದ ನೆನಪು, ಮುಳಬಾಗಿಲು ತಾಲ್ಲೂಕಿನ ಆವಣಿಯಲ್ಲಿ. ಆವಣಿ ಸೀತೆ ಲವಕುಶರನ್ನು ಹೆತ್ತ ಜಾಗ ಎಂದು ಪ್ರತೀತಿ. ಕೆಳಗೆ ರಾಮಲಿಂಗೇಶ್ವರನ ಗುಡಿಗಳ ಗುಂಪು, ಬೆಟ್ಟದ ತುದಿಯಲ್ಲಿ ಸೀತಮ್ಮನ ಗುಡಿ. ಅವ್ವ ಹೊರಟದ್ದು ಪೆಟ್ಟಿಗೆಯ ತಳದಲ್ಲಿದ್ದ ಅಂಚಿನ ಸೀರೆ ಉಟ್ಟು, ತಲೆಗೆ ಕನಕಾಂಬರ ಮುಡಿದು. ಚಪ್ಪಲಿ ಕೆಳಗೇ ಬಿಟ್ಟಾಯಿತು. ಬಂಡೆ ರಾತ್ರಿಯ ತಂಪನ್ನೆಲ್ಲ ಹಿಡಿದಿಟ್ಟುಕೊಂಡಿತ್ತು, ಅಂಗಾಲು ಜುಮ್ಮೆನ್ನುತ್ತಿತ್ತು. ನಾನು ಕಿವಿಯ ಬಟ್ಟೆ ಕಿತ್ತು ಹಾಕಿದಾಗಲೆಲ್ಲ ಅವ್ವ ಮತ್ತೆ ಬಿಗಿಯುತ್ತಿದ್ದಳು. "ಬಾಣಂತಿ ಇದ್ದ ಜಾಗ ಕಣೋ, ಇಲ್ಲಿ ಗಾಳಿ ಆಗಲ್ಲ" ಅಂದಳು. ಬಾಣಂತಿಗೆ ಗಾಳಿ ಆಗಬಾರದು, ಸರಿ. ನೋಡಲು ಬಂದ ನನ್ನ ಕಿವಿ ಯಾಕೆ ಮುಚ್ಚಬೇಕು ಎಂದು ಕೇಳುವ ವಯಸ್ಸು ನನ್ನದಾಗಿರಲಿಲ್ಲ. ಈಗ ಅನ್ನಿಸುತ್ತದೆ, ಅವ್ವ ಬೆಟ್ಟ ಹತ್ತುತ್ತಿರಲೇ ಇಲ್ಲ. ಬಾಣಂತಿಯ ಮನೆಗೆ ಹೋಗುತ್ತಿದ್ದಳು. ಮಡಿಲಲ್ಲಿ ಅರಿಶಿನ ಕುಂಕುಮ, ಬಳೆ, ಕೊಬ್ಬರಿ ಕೂಡ ಇದ್ದವು. ಬೆಟ್ಟ ಅನ್ನುವುದು ಆ ಮನೆಯ ದಾರಿಯಲ್ಲಿ ಬಂದ ಏರು ಅಷ್ಟೆ.

ಬೆಟ್ಟಕ್ಕೆಂದೇ ಬೇರೆ ಬಟ್ಟೆ ನಮ್ಮಲ್ಲಿ ಇರಲಿಲ್ಲ ಅನ್ನುವುದು ಪೂರ್ತಿ ನಿಜವಲ್ಲ. ನವೆಂಬರ್ ನಡುವಿನಲ್ಲಿ ಬಂಗಾರಪೇಟೆ ಜಂಕ್ಷನ್ನಿಗೆ ಹೋಗಿ ನಿಂತರೆ ಗೊತ್ತಾಗುತ್ತದೆ. ಬೆಳಗಿನ ಪ್ಯಾಸೆಂಜರ್ ರೈಲು ಮಾರಿಕುಪ್ಪಂನಿಂದ ಕೆಜಿಎಫ್‌ನವರನ್ನು ತುಂಬಿಕೊಂಡು ಬರುತ್ತದೆ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಕೆಲಸಕ್ಕಾಗಿ ದಿನವೂ ಬೆಂಗಳೂರಿಗೆ ಹೋಗಿಬರುವವರು ಇವರು. ಮಂಕಿ ಟೋಪಿ, ಮಫ್ಲರು, ಮಡದಿಯ ಶಾಲು, ಯಾವುದು ಸಿಕ್ಕಿತೋ ಅದು. ನಿದ್ದೆಯಲ್ಲಿ ತೂಗುವ ತಲೆಗಳಲ್ಲಿ ಹೆಣ್ಣು ಯಾರು, ಗಂಡು ಯಾರು ಹೇಳುವುದೂ ಕಷ್ಟ. ವೈಟ್‌ಫೀಲ್ಡ್ ಹೊತ್ತಿಗೆ ಎಲ್ಲ ಕಳಚಿ ಬ್ಯಾಗು ಸೇರಿ, ತಲೆ ಬಾಚಿಕೊಂಡ ಬೇರೆಯೇ ಜನ ಇಳಿಯುತ್ತಾರೆ. ಈ ಬಣ್ಣಬಣ್ಣದ ಗುಂಪಿನ ನಡುವೆ ಪ್ಲಾಟ್‌ಫಾರಂ ಮೇಲೆ ಕಪ್ಪು ಬಟ್ಟೆಯ ಇನ್ನೊಂದು ಗುಂಪು ಬರಿಗಾಲಲ್ಲಿ ನಿಂತಿರುತ್ತದೆ, ಶಬರಿಮಲೆಯ ಸ್ವಾಮಿಗಳು. ಅದೇ ಋತುವಿನಲ್ಲಿ ಮೇಲ್‌ಮರುವತ್ತೂರಿಗೆ ಹೊರಟ ಓಂಶಕ್ತಿಯ ಹೆಂಗಸರು ಕೆಂಪು ಸೀರೆಯಲ್ಲಿ. ಆ ಮುಂಜಾವಿನಲ್ಲಿ ಸ್ವೆಟರು ಹಾಕದೆ ನಿಂತವರು ಇವರಿಬ್ಬರೇ.

ನಮ್ಮ ಚಿಕ್ಕಪ್ಪ ವರ್ಷವಿಡೀ ಚಳಿಗೆ ಹೆದರುವ ಮನುಷ್ಯ. ಯುಗಾದಿಗೂ ಬಿಸಿನೀರೇ ಆಗಬೇಕು. ಅಂಥವರು ಕಾರ್ತಿಕದಲ್ಲಿ ಮಾಲೆ ಹಾಕಿದರೆಂದರೆ ನಲವತ್ತೊಂದು ದಿನದ ವ್ರತ ಹಿಡಿದು ನಸುಕಿನಲ್ಲಿ ತಣ್ಣೀರು ಸುರಿದುಕೊಂಡು, ಒದ್ದೆ ಮೈಗೆ ಕಪ್ಪು ಪಂಚೆ ಸುತ್ತಿ "ಸ್ವಾಮಿಯೇ" ಎಂದು ಕೂಗುತ್ತಾರೆ. ಬೀದಿಯ ನಾಯಿಗಳೆಲ್ಲ ಎದ್ದು ಕೂರುತ್ತವೆ. ಪಂಪೆಯಿಂದ ಸನ್ನಿಧಾನಕ್ಕೆ ಸುಮಾರು ಐದು ಕಿಲೋಮೀಟರ್ ಏರು, ನೀಲಿಮಲೆ, ಅಪ್ಪಾಚಿಮೇಡು ಹತ್ತಿ ಹೋಗಬೇಕು. ಹಠವಾದಿಗಳು ಎರುಮೇಲಿಯಿಂದಲೇ ಅಳುದಾ ಹೊಳೆ ದಾಟಿ, ಕರಿಮಲೆ ಏರಿ ಕಾಡಿನಲ್ಲಿ ನಡೆಯುತ್ತಾರೆ. ಕಾಲಿಗೆ ಏನೂ ಇಲ್ಲ, ತಲೆಯ ಮೇಲೆ ಇರುಮುಡಿ. ಚಳಿಗಾಲದ ಆರಂಭದಲ್ಲಿ ದಕ್ಷಿಣ ಭಾರತದ ಅತಿ ದೊಡ್ಡ ಟ್ರೆಕ್ಕಿಂಗ್ ಇದೇ ಎಂದು ನಾನು ತಿಳಿದಿದ್ದೇನೆ, ಆ ಹೆಸರು ಯಾರೂ ಕೊಟ್ಟಿಲ್ಲ. "ಚಳಿ ಆಗಲ್ವಾ ಚಿಕ್ಕಪ್ಪ?" ಎಂದು ಕೇಳಿದರೆ ಅವರು, "ಮಾಲೆ ಇರೋವರೆಗೂ ಆಗಲ್ಲಪ್ಪ" ಅನ್ನುತ್ತಾರೆ. ಮಾಲೆ ತೆಗೆದ ಮರುದಿನ ರಗ್ಗು ಹೊದ್ದು ಮಲಗಿ, ಕಾಫಿಯನ್ನು ಹಾಸಿಗೆಗೇ ತರಿಸಿಕೊಳ್ಳುತ್ತಾರೆ.

ಆವಣಿಯ ಹಾಗೆ ಅಂತರಗಂಗೆಯೂ ಯಾರದೋ ಮನೆ. ಶತಶೃಂಗ ಬೆಟ್ಟಸಾಲಿನಲ್ಲಿ, ಕೋಲಾರ ಊರಿಗೆ ಒರಗಿಕೊಂಡೇ ಇದೆ. ಕಾಶಿ ವಿಶ್ವೇಶ್ವರ ಮನೆಯೊಡೆಯ, ಕಲ್ಲು ಬಸವಣ್ಣನ ಬಾಯಿಂದ ನೀರು ಬೀಳುತ್ತದೆ. ಬೋರ್‌ವೆಲ್ಲು ಸಾವಿರ ಅಡಿ ಕೊರೆದರೂ ಧೂಳೇ ಬರುವ ಜಿಲ್ಲೆಯಲ್ಲಿ ಈ ಒಂದು ಬಾಯಿ ಸುರಿಸುತ್ತಲೇ ಇದೆ ಅನ್ನುವುದಕ್ಕೆ ಜನ ಕೈ ಮುಗಿಯದೆ ಇನ್ನೇನು ಮಾಡಿಯಾರು? ಕಾರ್ತಿಕ ಸೋಮವಾರ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಕಂಕುಳಲ್ಲಿ ಕೂಸು, ಕೈಯಲ್ಲಿ ಹಣ್ಣುಕಾಯಿ ಚೀಲ, ಒದ್ದೆ ಕೂದಲಿಂದ ತೊಟ್ಟಿಕ್ಕುವ ನೀರು. ಹೊಸದಾಗಿ ಮದುವೆಯಾದವರು ಗುರುತು ಸಿಗುವುದು ಹುಡುಗನ ಗರಿಗರಿ ಪಂಚೆಯಿಂದ. ಅದು ಮೆಟ್ಟಿಲು ಮೆಟ್ಟಿಲಿಗೂ ಕಾಲಿಗೆ ತೊಡರುತ್ತದೆ, ಅತ್ತೆ ಮನೆಯವರು ಹಿಂದೆ ಬರುತ್ತಿರುವುದರಿಂದ ಎತ್ತಿ ಕಟ್ಟುವಂತಿಲ್ಲ.

ಅಲ್ಲಿಯ ಕೋತಿಗಳ ಬಗ್ಗೆಯೂ ಒಂದು ಮಾತು. ಬಾಳೆಹಣ್ಣು, ತೆಂಗಿನಹೋಳು ಕಿತ್ತುಕೊಳ್ಳುವುದರಲ್ಲಿ ಅವಕ್ಕೆ ತಲೆಮಾರುಗಳ ಅನುಭವ. ಒಂದು ಚಳಿಗಾಲ ನನ್ನ ಮುಂದೆ ಹೋಗುತ್ತಿದ್ದ ಹಿರಿಯರೊಬ್ಬರ ಉಣ್ಣೆಯ ಟೋಪಿಯನ್ನೇ ಕೋತಿಯೊಂದು ಹಾರಿಸಿಕೊಂಡು ಬಂಡೆಯ ಮೇಲೆ ಹೋಗಿ ಕೂತಿತು. ಟೋಪಿ ಮಾರುವವನ ಕಥೆ ಎಲ್ಲರಿಗೂ ಬಾಯಿಪಾಠ. ಹಿಂದಿನಿಂದ ಮೂರ್ನಾಲ್ಕು ಜನ, "ಸ್ವಾಮಿ, ನಿಮ್ಮ ಶಾಲು ಬಿಸಾಡಿ, ಅದೂ ಬಿಸಾಡುತ್ತೆ" ಎಂದು ಸಲಹೆ ಕೊಟ್ಟರು. ಪಾಪ, ಅವರು ಶಾಲು ಬಿಸಾಡಿದರು. ಇನ್ನೊಂದು ಕೋತಿ ಶಾಲನ್ನೂ ತೆಗೆದುಕೊಂಡು ಹೋಯಿತು. ಆ ದಿನ ಬೆಟ್ಟದ ಮೇಲೆ ಸರಿಯಾಗಿ ಕಿವಿ ಮುಚ್ಚಿಕೊಂಡವರು ಅವೆರಡೇ.

ಉಣ್ಣೆ ಅಂದೆ. ನನ್ನ ಬಾಲ್ಯದ ಸ್ವೆಟರುಗಳೆಲ್ಲ ಅಮ್ಮನ ಕೈಯವು. ಮಧ್ಯಾಹ್ನ ಜಗಲಿಯ ಮೇಲೆ ನಾಲ್ಕೈದು ಹೆಂಗಸರು ಕಡ್ಡಿ, ಊಲನ್ನಿನ ಉಂಡೆ ಹಿಡಿದು ಕೂರುತ್ತಿದ್ದರು. ಬೀದಿಯ ವರ್ತಮಾನವೆಲ್ಲ ಆ ಕುಣಿಕೆಗಳಲ್ಲಿ ಸೇರಿಹೋಗುತ್ತಿತ್ತು. ಬೆಳೆಯುವ ಹುಡುಗ ಎಂದು ಅಮ್ಮ ಯಾವಾಗಲೂ ಎರಡು ವರ್ಷ ಮುಂದಿನ ನನ್ನನ್ನು ಊಹಿಸಿಕೊಂಡು ಹೆಣೆಯುತ್ತಿದ್ದಳು. ಹಾಗಾಗಿ ಮೊದಲ ಚಳಿಗಾಲದಲ್ಲಿ ತೋಳಿನೊಳಗೆ ನನ್ನ ಕೈ ಕಾಣೆಯಾಗುತ್ತಿತ್ತು. ಬಂಗಾರಪೇಟೆಯಿಂದ ಕೋಲಾರಕ್ಕೆ ಆಗ ಪುಟ್ಟ ನ್ಯಾರೋಗೇಜ್ ರೈಲಿತ್ತು, ಹಳಿಗಳ ನಡುವೆ ಎರಡೂವರೆ ಅಡಿ ಅಂತರ. ಅದರ ಕಿಟಕಿಯ ಗಾಳಿಗೆ ಆ ಉದ್ದ ತೋಳೇ ಕೈಗವಸು. ಎಲ್ಲರ ಸ್ವೆಟರಿಗೂ ಎದೆಯ ಮೇಲೆ ಅದೇ ಚೌಕುಳಿ, ಒಂದೇ ಬೀದಿಯ ಹುಡುಗರೆಂದು ದೂರದಿಂದಲೇ ಹೇಳಬಹುದಿತ್ತು.

ಕೈಹೆಣಿಗೆಯ ಉಣ್ಣೆಯನ್ನು ನಾನು ಬಹಳ ಕಾಲ ಬಡವರ ಬಟ್ಟೆ ಎಂದುಕೊಂಡಿದ್ದೆ. ಆಮೇಲೆ ಎವರೆಸ್ಟಿನ ಮ್ಯಾಲರಿಯ ಸಂಗತಿ ಓದಿದೆ. 1924ರಲ್ಲಿ ತುದಿಯ ಹತ್ತಿರ ಕಣ್ಮರೆಯಾದ ಮನುಷ್ಯ. 1999ರಲ್ಲಿ ದೇಹ ಸಿಕ್ಕಿತು. ಮೈಮೇಲಿದ್ದ ಬಟ್ಟೆಯ ಚೂರುಗಳನ್ನು ಪರೀಕ್ಷಿಸಿದರೆ ರೇಷ್ಮೆ, ಹತ್ತಿ, ಉಣ್ಣೆ ಒಂದರ ಮೇಲೊಂದು ಪದರ, ಹೊರಗೆ ಗಾಳಿ ತಡೆಯುವ ಗ್ಯಾಬರ್ಡೀನು. ಅಂಥದ್ದೇ ಉಡುಪನ್ನು ಹೊಸದಾಗಿ ಮಾಡಿಸಿ 2006ರಲ್ಲಿ ಗ್ರಹಾಂ ಹಾಯ್‌ಲ್ಯಾಂಡ್ ಎಂಬವರು ಎವರೆಸ್ಟಿನ ಮೇಲೆಯೇ ತೊಟ್ಟು ನೋಡಿದರು, ಹಗುರವಾಗಿ ಬೆಚ್ಚಗೆ ಇತ್ತಂತೆ. ಇದನ್ನು ಓದಿದಾಗ ನನಗೆ ತಾತ ನೆನಪಾದರು. ರೇಷ್ಮೆಗೂಡಿನ ಜಿಲ್ಲೆ ನಮ್ಮದು. ತಾತ ಬೆಟ್ಟದ ದೇವರಿಗೆ ಹೋಗುವಾಗ ಮಡಿಗೆಂದು ರೇಷ್ಮೆ ಪಂಚೆ ಉಟ್ಟು, ಮೇಲೆ ಹತ್ತಿಯ ಅಂಗಿ, ಅದರ ಮೇಲೆ ಕರಿ ಕಂಬಳಿ ಹೊದ್ದು ಹೊರಡುತ್ತಿದ್ದರು. ಪದರಗಳ ಲೆಕ್ಕದಲ್ಲಿ ಮ್ಯಾಲರಿಗೆ ಅವರೇನೂ ಕಡಿಮೆಯಿರಲಿಲ್ಲ, ಗ್ಯಾಬರ್ಡೀನು ಒಂದು ಸಿಕ್ಕಿರಲಿಲ್ಲ. ಕಂಬಳಿಯ ಒಂದು ಮೂಲೆಯನ್ನು ಒಳಕ್ಕೆ ಮಡಚಿ ತಲೆಗೆ ಕೊಪ್ಪೆ ಮಾಡಿಕೊಂಡರೆ ಮಳೆ, ಇಬ್ಬನಿ, ಗಾಳಿ ಮೂರಕ್ಕೂ ಆಯಿತು. ಹುಣಸೆಬೀಜದ ಸರಿ ಕುಡಿದು ಬಿರುಸಾದ ಆ ಕಂಬಳಿ ಕತ್ತಿಗೆ ಚುಚ್ಚುತ್ತಿತ್ತು, ಕುರಿಯ ವಾಸನೆ ಬೇರೆ. ಬಿಸಿಲು ಬಂದಾಗ ಮಾತ್ರ ಅದು ನನ್ನ ಸ್ವೆಟರಿಗಿಂತ ಬುದ್ಧಿವಂತ. ನಾಲ್ಕು ಮಡಿಕೆ ಮಾಡಿ ಹೆಗಲಿಗೆ ಹಾಕಿಕೊಂಡರೆ ಅಲುಗಾಡದೆ ಕೂರುತ್ತಿತ್ತು, ಬಂಡೆಯ ಮೇಲೆ ಹಾಸಿದರೆ ಊಟದ ಮಣೆ.

ಈಚೆಗೆ ಮಗ ನನಗೊಂದು ಟ್ರೆಕ್ಕಿಂಗ್ ಜಾಕೆಟ್ಟು, ಹಣೆಗೆ ಕಟ್ಟುವ ಟಾರ್ಚು ತಂದುಕೊಟ್ಟಿದ್ದಾನೆ. ಬೆಂಗಳೂರಿನಿಂದ ಗೆಳೆಯರನ್ನು ಕಟ್ಟಿಕೊಂಡು ಅಂತರಗಂಗೆಯ ಗುಹೆಗಳಿಗೆ ಅಪರಾತ್ರಿ ಬರುವ ಹುಡುಗರಲ್ಲಿ ಅವನೂ ಒಬ್ಬ. ಸೂರ್ಯ ಹುಟ್ಟುವುದನ್ನು ಬೆಟ್ಟದ ಮೇಲಿಂದ ನೋಡಿ ಮನೆಗೆ ಬಂದು ಮಧ್ಯಾಹ್ನದವರೆಗೆ ಮಲಗುತ್ತಾನೆ. ಜಾಕೆಟ್ಟಿಗೆ ಎಷ್ಟೊಂದು ಕಿಸೆ! ಎದೆಗೆ, ತೋಳಿಗೆ, ಒಳಗೆ, ಕಿಸೆಯೊಳಗೆ ಕಿಸೆ. ಕನ್ನಡಕ, ಕರವಸ್ತ್ರ, ಬಿ.ಪಿ. ಮಾತ್ರೆ ಇಟ್ಟ ಮೇಲೆ ನನ್ನ ಸಂಪತ್ತು ಮುಗಿಯಿತು. ಉಳಿದವು ಖಾಲಿ ಹೊಡೆಯುತ್ತಿದ್ದವು.

ಟಾರ್ಚನ್ನು ರಾಬರ್ಟ್‌ಸನ್‌ಪೇಟೆಯಲ್ಲಿರುವ ಪರಿಚಯದ ಹಿರಿಯರೊಬ್ಬರಿಗೆ ತೋರಿಸಿದೆ. ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. ಅಂಗೈಯಲ್ಲಿಟ್ಟು ತೂಗಿದರು, ತಿರುಗಿಸಿ ನೋಡಿದರು. "ಬ್ಯಾಟ್ರಿ ಎಲ್ಲಿ ಸಾರ್? ನಮ್ದು ಸೊಂಟದಲ್ಲಿ ಇರ್ತಿತ್ತು" ಅಂದರು. ತಲೆಯ ಮೇಲೆ ದೀಪ, ಸೊಂಟಕ್ಕೆ ಬ್ಯಾಟರಿ, ನಡುವೆ ಒಂದು ವೈರು. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಚಾಂಪಿಯನ್ ರೀಫ್ ಇಳಿದದ್ದು ಮೂರು ಕಿಲೋಮೀಟರಿಗೂ ಹೆಚ್ಚು. ಮೇಲೆ ಹೋದಷ್ಟೂ ಚಳಿ ಏರುವ ಹಾಗೆ ಕೆಳಗೆ ಹೋದಷ್ಟೂ ಸೆಕೆ. ಅತಿ ಆಳದಲ್ಲಿ ಬಂಡೆಯ ಶಾಖ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು, ತಂಪು ಗಾಳಿಯನ್ನು ಯಂತ್ರದಿಂದ ಊದಬೇಕಿತ್ತು. "ಕೆಳಗೆ ಬಟ್ಟೆ ಯಾರಿಗೆ ಬೇಕು? ಬೂಟು, ಹೆಲ್ಮೆಟ್ಟು, ಒಂದು ಚಡ್ಡಿ. ರಾತ್ರಿ ಪಾಳಿ ಮುಗಿಸಿ ಕೇಜಲ್ಲಿ ಮೇಲೆ ಬಂದ್ರೆ ಮಾರ್ಗಳಿ ತಿಂಗಳ ಚಳಿ ಹಂಗೇ ಮುಖಕ್ಕೆ ಹೊಡೀತಿತ್ತು. ನಮ್ಮಾಕೆ ಸ್ವೆಟ್ರು ಮಡಚಿ ಟಿಫನ್ ಚೀಲದಲ್ಲಿ ಇಡ್ತಿದ್ಲು" ಅಂದರು. ಸ್ವೆಟರನ್ನು ಹತ್ತುವ ಮೊದಲು ತೊಡದೆ ಹತ್ತಿದ ಮೇಲೆ ತೊಡುವ ಜನ ಇವರು. ಎಷ್ಟು ಸರಿಯಾದ ಪದ್ಧತಿ! ಆಮೇಲೆ ಟಾರ್ಚು ಹಿಂದಕ್ಕೆ ಕೊಡುತ್ತಾ, "ನೀವು ಬೆಟ್ಟ ಹತ್ತೋಕೆ ಕೈಯಿಂದ ದುಡ್ಡು ಹಾಕ್ತೀರಾ. ನಮಗೆ ಇಳಿಯೋಕೆ ಕೊಡ್ತಿದ್ರು, ಅದೂ ಜಾಸ್ತಿ ಅಲ್ಲ" ಎಂದು ನಕ್ಕರು. ಅವರ ಮನೆಯ ಹಿಂದೆ ಸೈನೈಡ್ ದಿಬ್ಬ ಬೂದಿಬಣ್ಣದಲ್ಲಿ ಚಪ್ಪಟೆಯಾಗಿ ಕೂತಿತ್ತು. ಚಿನ್ನ ತೆಗೆದ ಮೇಲೆ ಉಳಿದ ಸುಮಾರು 3.3 ಕೋಟಿ ಟನ್ ಪುಡಿಯ ದಿಬ್ಬಗಳು ಊರ ತುಂಬ ಇವೆ. ಕೆಜಿಎಫ್ ಮಕ್ಕಳಿಗೆ ಅದೇ ಮೊದಲ ಬೆಟ್ಟ. ಗಾಳಿ ಎದ್ದರೆ ಅಲ್ಲಿ ಮುಚ್ಚಿಕೊಳ್ಳಬೇಕಾದ್ದು ಮೂಗು. ಕಿವಿಗೆ ಏನೂ ಕೆಲಸವಿಲ್ಲ.

ಜಾಕೆಟ್ಟು ತೊಟ್ಟು ಹೋದದ್ದು ತೇರಹಳ್ಳಿಗೆ. ಶತಶೃಂಗದ ಬೆನ್ನ ಮೇಲೆಯೇ ಇರುವ ಊರು. ಬೆಟ್ಟ ಹತ್ತಿ ತುದಿ ಮುಟ್ಟಿದೆವು ಎಂದು ಮಗ, ಅವನ ಗೆಳೆಯರು ಫೋಟೋಕ್ಕೆ ನಿಂತಾಗ ಪಕ್ಕದಲ್ಲೇ ಯಾರದೋ ಎಮ್ಮೆ ಮೇಯುತ್ತಿತ್ತು, ಹಿತ್ತಲಲ್ಲಿ ಬಟ್ಟೆ ಒಣಗುತ್ತಿತ್ತು. ಹುಡುಗರ ಪೈಕಿ ಒಬ್ಬ ಚಂದ ಕಾಣಲಿ ಎಂದು ಕೈಮಗ್ಗದ ಒರಟು ಉಣ್ಣೆಯ ಶಾಲೊಂದನ್ನು ಬೆಲೆಕೊಟ್ಟು ತಂದು ಹೊದ್ದಿದ್ದ. ದಾರಿಯಲ್ಲಿ ಆಡು ಮೇಯಿಸುವವನೊಬ್ಬ ಎದುರಾದ. ಅವನ ಮೈಮೇಲೆ ಯಾವುದೋ ಸಾಫ್ಟ್‌ವೇರ್ ಕಂಪನಿಯ ಹೆಸರು ಹೊಲಿದ ಜಿಪ್ಪಿನ ಜಾಕೆಟ್ಟು. ಇಬ್ಬರೂ ಒಬ್ಬರನ್ನೊಬ್ಬರು ಮೇಲಿಂದ ಕೆಳಗೆ ನೋಡಿಕೊಂಡರು. "ಎಷ್ಟು ಕೊಟ್ರಿ ಕಂಬ್ಳಿಗೆ?" ಎಂದು ಅವನು ಕೇಳಿದ. ಹುಡುಗ ಬೆಲೆ ಹೇಳಿದ. ಆಡಿನವನು ಏನೂ ಮಾತಾಡದೆ ಆಡುಗಳ ಕಡೆ ತಿರುಗಿದ. ಸಭ್ಯ ಮನುಷ್ಯ.

ರಾಗಿ ಕೊಯ್ಲಾಗಿತ್ತು. ಅಕ್ಕಡಿ ಸಾಲಿನ ಅವರೆ ಮಾತ್ರ ಹೊಲದಲ್ಲಿ ನಿಂತಿತ್ತು. ಇಬ್ಬನಿ ಚೆನ್ನಾಗಿ ಬಿದ್ದ ವರ್ಷ ಸೊಗಡು ಮಾರು ದೂರದಿಂದಲೇ ಮೂಗಿಗೆ ಬರುತ್ತದೆ. ಬಿಡಿಸುತ್ತಿದ್ದ ಮುದುಕಿ ಸೆರಗನ್ನು ಕಿವಿಯ ಸುತ್ತ ಬಿಗಿದಿದ್ದಳು. ನಮ್ಮನ್ನು ಕಂಡು ಸೊಂಟ ನೆಟ್ಟಗೆ ಮಾಡಿ, "ಯಾರ ಮನೆಗೆ ಬಂದ್ರಪ್ಪಾ?" ಅಂದಳು.

"ಯಾರ ಮನೆಗೂ ಇಲ್ಲ ಅವ್ವ. ಸುಮ್ನೆ ಬಂದ್ವಿ."

ಆಕೆ ನನ್ನ ಜಾಕೆಟ್ಟು, ಮಗನ ಬೂಟು, ಕೈಯ ಕೋಲು ಎಲ್ಲವನ್ನೂ ಒಂದೊಂದಾಗಿ ನೋಡಿದಳು. "ಸುಮ್ನೆ ಬರಕ್ಕೆ ಇಷ್ಟೊಂದು ಬಟ್ಟೇನಾ!" ಅಂದಳು. ಉತ್ತರ ಹೊಳೆಯಲಿಲ್ಲ. ಅವ್ವನ ಮಡಿಲಲ್ಲಿ ಬಳೆ ಕೊಬ್ಬರಿ ಇದ್ದವು, ಚಿಕ್ಕಪ್ಪನ ತಲೆಯ ಮೇಲೆ ಇರುಮುಡಿ ಇರುತ್ತದೆ. ನನ್ನ ಹತ್ತಿರ ಖಾಲಿ ಕಿಸೆಗಳಿದ್ದವು. ಅವರೆಕಾಯಿ ಕೊಡ್ತೀಯಾ ಎಂದು ಕೇಳಿದೆ. ಚೀಲ ಇದೆಯಾ ಅಂದಳು. ಇರಲಿಲ್ಲ. ಬೊಗಸೆ ಬೊಗಸೆಯಾಗಿ ಅವಳೇ ಕಿಸೆಗಳಿಗೆ ಸುರಿದಳು, ಎದೆಯದಕ್ಕೆ, ತೋಳಿನದಕ್ಕೆ, ಕಿಸೆಯೊಳಗಿನ ಕಿಸೆಗೂ. ಬಿಸಿಲೇರಿತ್ತು, ಬೆವರು ಶುರುವಾಗಿತ್ತು. ಬಿಚ್ಚಿ ಸೊಂಟಕ್ಕೆ ಕಟ್ಟಿದರೆ ಕಾಯಿ ಚೆಲ್ಲುತ್ತದೆ. ಹಾಗಾಗಿ ಅದನ್ನು ತೊಟ್ಟುಕೊಂಡೇ ಬೆಟ್ಟ ಇಳಿದು, ಕೋಲಾರದಲ್ಲಿ ಬಸ್ಸು ಹತ್ತಿದೆ. ಪಕ್ಕ ಕೂತವರು ಎರಡು ಸಲ ಮೂಗು ಅರಳಿಸಿ, "ಎಲ್ಲಿಯ ಕಾಯಿ ಸಾರ್, ಒಳ್ಳೆ ಸೊಗಡು" ಅಂದರು.

ಮನೆಯಲ್ಲಿ ಮೊರ ತಂದಿಟ್ಟು ಒಂದೊಂದೇ ಕಿಸೆ ಖಾಲಿ ಮಾಡಿದಳು ಹೆಂಡತಿ. ಜಾಕೆಟ್ಟಿನ ಮೇಲೆ ಅಲ್ಲಲ್ಲಿ ಜಿಡ್ಡು ಹತ್ತಿತ್ತು, ಒಗೆಯಲು ಬೇರೆಯೇ ಇಡಬೇಕು ಎಂದಳು. ಹಿದುಕಿದ ಬೇಳೆಗೆ ನೆನೆಹಾಕುವಷ್ಟು ಆಗುತ್ತದೆ ಎಂದು ಕಣ್ಣಳತೆ ಮಾಡಿ ಸಮಾಧಾನವಾದ ಮೇಲೆ ಕೇಳಿದಳು:

"ಎಷ್ಟು ಕೊಟ್ರಿ?"

ಹೇಳಿದೆ.

"ಜಾಸ್ತಿ ಕೊಟ್ರಿ. ಆ ಜಾಕೆಟ್ಟು ನೋಡಿ ಹೇಳಿರ್ತಾಳೆ. ಮುಂದಿನ ಸಲ ಹಳೇ ಸ್ವೆಟರ್ ಹಾಕ್ಕೊಂಡು ಹೋಗಿ, ಅರ್ಧಕ್ಕೆ ಕೊಡ್ತಾಳೆ."